ಟೆರ್ರಿ ಅವರ ಮನೆಯಲ್ಲಿ ಸೇರಿದ 58 ಹೆಂಗಸರು

ಒಂದು ಫೋಟೋ ಇದೆ. ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಹದಿನೈದು ವರ್ಷದ ಕಪ್ಪು ಹುಡುಗಿ. ಕಪ್ಪು ಕನ್ನಡಕ ಹಾಕಿಕೊಂಡು, ನೋಟ್‌ಬುಕ್ಕು ಅವಚಿಕೊಂಡು ಒಬ್ಬಳೇ ನಡೆಯುತ್ತಿದ್ದಾಳೆ. ಹಿಂದೆ ಬಿಳಿಯರ ಗುಂಪು. ಅದರಲ್ಲಿ ಹೆಚ್ಚುಕಮ್ಮಿ ಅವಳದೇ ವಯಸ್ಸಿನ ಇನ್ನೊಬ್ಬ ಹುಡುಗಿ ಬಾಯಿ ತೆರೆದು ಕಿರುಚುತ್ತಿದ್ದಾಳೆ. 1957ರ ಸೆಪ್ಟೆಂಬರ್ 4, ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್. ಆ ಹುಡುಗಿ ಎಲಿಜಬೆತ್ ಎಕ್‌ಫರ್ಡ್. ಕಪ್ಪು ಮಕ್ಕಳಿಗೊಂದು, ಬಿಳಿ ಮಕ್ಕಳಿಗೊಂದು ಅಂತ ಸರ್ಕಾರಿ ಶಾಲೆ ಬೇರೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಬಿಳಿಯರ ಸೆಂಟ್ರಲ್ ಹೈಸ್ಕೂಲಿಗೆ ಸೇರಲು ಹೊರಟ ಒಂಬತ್ತು ಮಕ್ಕಳಲ್ಲಿ ಒಬ್ಬಳು. ಎಲ್ಲರೂ ಜೊತೆಯಲ್ಲಿ ಹೋಗೋಣ ಅಂತ ಹಿಂದಿನ ರಾತ್ರಿ ತೀರ್ಮಾನ ಆಗಿತ್ತು. ಎಲಿಜಬೆತ್ ಮನೆಯಲ್ಲಿ ಫೋನ್ ಇರಲಿಲ್ಲ. ಸುದ್ದಿ ತಲುಪಲಿಲ್ಲ. ತಾನೇ ಹೊಲಿದುಕೊಂಡ ಹೊಸ ಲಂಗ ತೊಟ್ಟು ಒಬ್ಬಳೇ ಬಂದಳು. ರಾಜ್ಯದ ಆಡಳಿತ ನಡೆಸುತ್ತಿದ್ದ ಗವರ್ನರ್ ಆರ್ವಲ್ ಫಾಬಸ್ ನಿಲ್ಲಿಸಿದ್ದ ರಾಜ್ಯದ ಸೈನಿಕರು ಅವಳನ್ನು ಒಳಗೆ ಬಿಡಲಿಲ್ಲ.

ಆಮೇಲೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ದೇಶದ ಸೈನ್ಯ ಕಳಿಸಿದರು, ಮಕ್ಕಳು ಒಳಗೆ ಹೋದರು. ಕತೆ ಇಲ್ಲಿಗೆ ಮುಗಿಯಿತು ಅಂತಲೇ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಮರುವರ್ಷ ಏನಾಯ್ತು ಅಂತ ಗೊತ್ತಾದ ಮೇಲೆ, ಆ ಊರಿನ ಅಡೋಲ್ಫೀನ್ ಟೆರ್ರಿ ಅನ್ನುವ ಮುದುಕಿಯ ಬಗ್ಗೆ ಬರೀಲೇಬೇಕು ಅನ್ನಿಸಿದೆ.

1958ರ ಸೆಪ್ಟೆಂಬರಿನಲ್ಲಿ ಫಾಬಸ್ ಊರಿನ ನಾಲ್ಕೂ ಸರ್ಕಾರಿ ಹೈಸ್ಕೂಲುಗಳಿಗೆ ಬೀಗ ಹಾಕಿಸಿದ. ಕಪ್ಪು ಮಕ್ಕಳ ಜೊತೆ ಕೂರಿಸುವುದಕ್ಕಿಂತ ಶಾಲೆಯೇ ಬೇಡ ಅಂತ! 3,665 ಮಕ್ಕಳು ಬೀದಿಗೆ ಬಿದ್ದರು. ಆದರೆ ಟೀಚರುಗಳಿಗೆ ಗುತ್ತಿಗೆ ಇತ್ತು, ದಿನಾ ಬರಲೇಬೇಕು. ಬಂದರು, ಖಾಲಿ ಕ್ಲಾಸಿನಲ್ಲಿ ಕೂತರು, ಸಂಜೆ ಮನೆಗೆ ಹೋದರು. ನಾನು ಟೀಚರ್ ಮಗಳು. ಬೇಸಿಗೆ ರಜೆಯಲ್ಲಿ ಅಮ್ಮನಿಗೆ ಶಾಲೆಯಲ್ಲಿ ಏನಾದರೂ ಕೆಲಸ ಇದ್ದರೆ ಜೊತೆಗೆ ಹೋಗುತ್ತಿದ್ದೆ. ಮಕ್ಕಳಿಲ್ಲದ ಕ್ಲಾಸಿನಲ್ಲಿ ಡಸ್ಟರ್ ಕೆಳಗಿಟ್ಟರೂ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಒಂದು ಗಂಟೆ ಕೂರುವುದೇ ಕಷ್ಟ. ಅವರು ವರ್ಷಪೂರ್ತಿ ಕೂತರು. ಇನ್ನೊಂದು ವಿಷಯ ಕೇಳಿ: ಶಾಲೆ ಮುಚ್ಚಿತ್ತು, ಫುಟ್‌ಬಾಲ್ ಪಂದ್ಯ ಮಾತ್ರ ನಡೆಯುತ್ತಿತ್ತು.

ಬಿಳಿ ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ಖಾಸಗಿ ಶಾಲೆಯೋ, ಪಕ್ಕದೂರಿನ ನೆಂಟರ ಮನೆಯೋ ಏನೋ ಒಂದು ದಾರಿ ಸಿಕ್ಕಿತು. ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ ಆ ವರ್ಷ ಯಾವ ಶಾಲೆಯೂ ಸಿಗಲಿಲ್ಲ. ಎಲ್ಲರಿಗೂ ಒಂದೇ ಬೀಗ, ಆದರೆ ಏಟು ಯಾರಿಗೆ ಜಾಸ್ತಿ ಬಿತ್ತು ನೋಡಿ.

ಊರಿನ ದೊಡ್ಡ ಮನುಷ್ಯರು ಏನು ಮಾಡುತ್ತಿದ್ದರು? ಸುಮ್ನೆ ಕೂತಿದ್ದರು. ವಕೀಲರಿಗೆ ಕಕ್ಷಿದಾರರ ಭಯ, ಅಂಗಡಿಯವರಿಗೆ ಗಿರಾಕಿಗಳ ಭಯ. ಆಗ ಎದ್ದು ನಿಂತವರು ಅಡೋಲ್ಫೀನ್ ಫ್ಲೆಚರ್ ಟೆರ್ರಿ. ವಯಸ್ಸು 75.

ಅವರು ಎಲ್ಲಿಂದಲೋ ಬಂದು ಬುದ್ಧಿ ಹೇಳಿದವರಲ್ಲ. ಅಪ್ಪ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು, ಆಮೇಲೆ ಊರಿನ ಮೇಯರ್. ತಮ್ಮ, ಪುಲಿಟ್ಜರ್ ಪ್ರಶಸ್ತಿ ಬಂದ ಕವಿ. ಗಂಡ ಒಂದು ಕಾಲಕ್ಕೆ ಅಮೆರಿಕದ ಸಂಸತ್ ಸದಸ್ಯ. ಮನೆಯೋ, 1840ರಲ್ಲಿ ಕಟ್ಟಿದ ದೊಡ್ಡ ಕಂಬಗಳ ಬಂಗಲೆ. ಅಂಥ ಮನೆಯಲ್ಲಿ ಆರಾಮಾಗಿ ಇದ್ದುಬಿಡಬಹುದಿತ್ತು. ಹದಿನೈದನೇ ವಯಸ್ಸಿಗೇ ದೂರದ ವಾಸರ್ ಕಾಲೇಜಿಗೆ ಹೋಗಿ, 1902ರಲ್ಲಿ ಡಿಗ್ರಿ ಮುಗಿಸಿ ಊರಿಗೆ ಬಂದವರು ಹಿಡಿದದ್ದು ಸಾರ್ವಜನಿಕ ಕೆಲಸ. ಹಳ್ಳಿಯ ಚಿಕ್ಕಪುಟ್ಟ ಶಾಲೆಗಳನ್ನು ಒಗ್ಗೂಡಿಸಲು ಓಡಾಡಿದರು. ಮಕ್ಕಳಿಗೆ ಬೇರೆ ಕೋರ್ಟ್ ಬೇಕು ಅಂದರು. ದಶಕಗಳ ಕಾಲ ಊರಿನ ಲೈಬ್ರರಿಯ ಆಡಳಿತದಲ್ಲಿದ್ದರು.

ಹೀಗೆ ಅರ್ಧ ಶತಮಾನ ದುಡಿದು ಗಳಿಸಿದ ಹೆಸರು ಅದು. ಅದನ್ನು ಪಣಕ್ಕಿಟ್ಟರು. ಗಂಡಸರಂತೂ ಮುಂದೆ ಬರುವುದಿಲ್ಲ, ಇನ್ನು ಹೆಂಗಸರೇ ಇಳಿಯಬೇಕು ಅಂತ ಪತ್ರಿಕೆಯ ಸಂಪಾದಕ ಹ್ಯಾರಿ ಆಶ್ಮೋರ್ ಅವರಿಗೆ ನೇರವಾಗಿ ಹೇಳಿದರು. ವಿವಿಯನ್ ಬ್ರೂವರ್, ವೆಲ್ಮಾ ಪವೆಲ್ ಅನ್ನುವ ಇಬ್ಬರು ಹೆಂಗಸರ ಜೊತೆ ಸೇರಿ 1958ರ ಸೆಪ್ಟೆಂಬರ್ 16ಕ್ಕೆ ತಮ್ಮ ಮನೆಯಲ್ಲೇ ಸಭೆ ಕರೆದರು. 58 ಹೆಂಗಸರು ಬಂದರು. ಶಾಲೆಗಳ ಬೀಗ ತೆಗೆಸುವುದಕ್ಕಾಗಿ ಹೆಂಗಸರ ತುರ್ತು ಸಮಿತಿ ಹುಟ್ಟಿತು. ಶಾಲೆ ಮುಚ್ಚಿದ್ದು ತಪ್ಪು ಅಂತ ಆ ಊರಿನ ಬಿಳಿಯರಲ್ಲಿ ಬಹಿರಂಗವಾಗಿ ಹೇಳಿದ ಮೊದಲ ಸಂಘಟನೆ ಇದೇ.

ಹನ್ನೊಂದೇ ದಿನಕ್ಕೆ, ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸಬೇಕೋ ಬೇಡವೋ ಅಂತ ಊರಿನ ಮತದಾನ ಬಂತು. ಸೋತರು. ಸಣ್ಣ ಸೋಲಲ್ಲ, 19,470ಕ್ಕೆ 7,561. ನಾನಾಗಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದೆನೇನೋ. ಅವರು ಮರುದಿನದಿಂದ ಮತ್ತೆ ಪತ್ರ ಬರೆದರು, ಕರಪತ್ರ ಹಂಚಿದರು, ಫೋನ್ ಮಾಡಿದರು. ಊರಿಗೆ ಹೊಸ ಕಾರ್ಖಾನೆ ಬರುವುದು ನಿಂತಿದೆ ಅಂತ ಲೆಕ್ಕ ತೋರಿಸುವ ವರದಿ ತಯಾರಿಸಿದರು. ನ್ಯಾಯದ ಮಾತು ಕೇಳದ ವ್ಯಾಪಾರಿಗಳಿಗೆ ದುಡ್ಡಿನ ಮಾತು ಕೇಳಿಸಿತು. ಸದಸ್ಯರ ಪಟ್ಟಿ ಮಾತ್ರ ಗುಟ್ಟಾಗಿತ್ತು. ಹೆಸರು ಹೊರಬಂದರೆ ಗಂಡನ ಕೆಲಸ ಹೋಗಬಹುದು. ಹೊರಗೆ ಗೊತ್ತಿದ್ದವರಿಗೆ ರಾತ್ರಿ ಹೊತ್ತು ಬೆದರಿಕೆಯ ಫೋನ್ ಬರುತ್ತಿತ್ತು.

1959ರ ಮೇ 5ರಂದು ಶಾಲಾ ಮಂಡಳಿಯ ಆರು ಜನರಲ್ಲಿ ಮೂವರು ಸಭೆಯಿಂದ ಎದ್ದು ಹೋದರು. ಉಳಿದ ಮೂವರು, ಕಪ್ಪು, ಬಿಳಿ ಮಕ್ಕಳು ಬೇರೆ ಬೇರೆಯೇ ಕಲಿಯಬೇಕು ಅಂತ ಹಟ ಹಿಡಿದವರು, ಒಂದೇ ದಿನ 44 ಜನ ಟೀಚರು, ಪ್ರಿನ್ಸಿಪಾಲರನ್ನು ಕೆಲಸದಿಂದ ತೆಗೆದರು. ಈಗ ಊರು ಎದ್ದಿತು. ಗಂಡಸರೂ ಬಂದರು! ಆದರೆ ಮನೆಮನೆಯ ಕೆಲಸ ಗೊತ್ತಿದ್ದದ್ದು ಈ ಹೆಂಗಸರಿಗೆ. ಒಂದೊಂದು ಮತದಾರರ ಹೆಸರಿಗೂ ಕಾರ್ಡ್ ಮಾಡಿ, ಯಾರು ನಮ್ಮವರು, ಯಾರು ಅಲ್ಲ, ಯಾರನ್ನು ಒಲಿಸಬಹುದು ಅಂತ ವಿಂಗಡಿಸಿದರು. ಮೇ 25ರ ಮತದಾನದಲ್ಲಿ ಆ ಮೂವರೂ ಮಂಡಳಿಯಿಂದ ಹೊರಬಿದ್ದರು. ಆಗಸ್ಟ್ 12ಕ್ಕೆ ಶಾಲೆ ತೆರೆಯಿತು.

ಇಷ್ಟೇ ಬರೆದು ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಈ ಸಮಿತಿಯಲ್ಲಿ ಕಪ್ಪು ಹೆಂಗಸರಿಗೆ ಜಾಗ ಇರಲಿಲ್ಲ. ನಾವು ಒಟ್ಟಿಗೆ ಕಲಿಯುವುದರ ಪರವೂ ಅಲ್ಲ, ವಿರೋಧವೂ ಅಲ್ಲ, ಶಿಕ್ಷಣದ ಪರ ಅಂತ ಹೇಳಿಕೊಂಡರು. ಕಪ್ಪು ಮುಖ ಕಂಡರೆ ಬಿಳಿಯರ ಮತ ಬರುವುದಿಲ್ಲ ಅನ್ನುವ ಲೆಕ್ಕ. ಅದೇ ಊರಿನಲ್ಲಿ ಡೇಸಿ ಬೇಟ್ಸ್ ಅನ್ನುವ ಕಪ್ಪು ಹೆಂಗಸು ಇದ್ದರು. ಆ ಒಂಬತ್ತು ಮಕ್ಕಳನ್ನು ತಾಯಿಯ ಹಾಗೆ ಕಾದವರು. ಅವರ ಮನೆಯ ಕಿಟಕಿ ಒಡೆದು ಒಳಗೆ ಬಿದ್ದ ಕಲ್ಲಿಗೆ, ಮುಂದಿನ ಸಲ ಡೈನಮೈಟ್ ಅನ್ನುವ ಚೀಟಿ ಕಟ್ಟಿತ್ತು. ಜಾಹೀರಾತು ನಿಂತು, ಗಂಡಹೆಂಡತಿ ನಡೆಸುತ್ತಿದ್ದ ಪತ್ರಿಕೆ 1959ರಲ್ಲಿ ಮುಚ್ಚಿತು. ಅಂಥ ಹೆಂಗಸನ್ನು ಹೊರಗಿಟ್ಟು ಶಾಲೆಯ ಬಾಗಿಲು ತೆಗೆಸುವುದು ನನಗೆ ಈಗಲೂ ನೋಯುವ ವಿಷಯ. ಬಾಗಿಲು ತೆರೆದಾಗ ಕೂಡ ಒಳಗೆ ಹೋದ ಕಪ್ಪು ಮಕ್ಕಳು ಬೆರಳೆಣಿಕೆ.

ಹಾಗಿದ್ದರೂ ನಾನು ಟೆರ್ರಿ ಅವರ ಪರವೇ ಮಾತಾಡ್ತೀನಿ. ಕಲ್ಲು ಹೊಡೆಯುವವರಿಗೆ ಧೈರ್ಯ ಬರುವುದು ಕಿರುಚುವ ಗುಂಪಿನಿಂದ ಮಾತ್ರ ಅಲ್ಲ, ಮನೆಯೊಳಗೆ ಪರದೆ ಎಳೆದು ಕೂತ ಮರ್ಯಾದಸ್ತರಿಂದಲೂ ಬರುತ್ತದೆ. ಅಡೋಲ್ಫೀನ್ ಆ ಮರ್ಯಾದಸ್ತರ ಮನೆಯವರು. ನಮ್ಮ ಜನರೇ ತಪ್ಪು ಮಾಡಿದ್ದಾರೆ ಅಂತ ನಮ್ಮ ಜನರಿಗೇ, ನಮ್ಮ ಮನೆಯಲ್ಲೇ ಕೂರಿಸಿಕೊಂಡು ಹೇಳುವುದು ಎಷ್ಟು ಕಷ್ಟ ಅಂತ ಒಂದು ಮದುವೆ ಮನೆಯಲ್ಲಿ ಪ್ರಯತ್ನಪಟ್ಟವರಿಗೂ ಗೊತ್ತು, ಅಲ್ವಾ? ನಾನು ಎಷ್ಟೋ ಸಲ ಬಾಯಿ ಮುಚ್ಚಿಕೊಂಡು ಊಟ ಮಾಡಿ ಬಂದಿದ್ದೀನಿ.

ಸಮಿತಿ 1963ರವರೆಗೆ ಇತ್ತು. ಆ ಹೊತ್ತಿಗೆ ಸದಸ್ಯರು ಸಾವಿರ ದಾಟಿದ್ದರು. ಗುಟ್ಟಾಗಿದ್ದ ಪಟ್ಟಿ 40 ವರ್ಷದ ನಂತರ, 1998ರಲ್ಲಿ ಹೊರಗೆ ಬಂತು. ಆ ಹೆಸರುಗಳನ್ನು ಟೆರ್ರಿ ಅವರ ಅದೇ ಮನೆಯ ಕಿಟಕಿ ಗಾಜಿನ ಮೇಲೆ ಬರೆಸಿದರು. ಅಡೋಲ್ಫೀನ್ ತೀರಿಕೊಂಡು ಆಗ 22 ವರ್ಷ ಆಗಿತ್ತು.