ಚಿಮಣಿಗೆ ಎಷ್ಟು ಸ್ಟಾರ್?

ನಡೆಸಲು ಅನುಮತಿ ಕೊಡುವ ಸಮ್ಮತಿ ಪತ್ರದ ಷರತ್ತುಗಳನ್ನು ಯಾವ ಕಾರ್ಖಾನೆ ಎಷ್ಟು ಪಾಲಿಸುತ್ತಿದೆ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಗಳು ಸ್ಟಾರ್ ಕೊಟ್ಟು ಊರಿಗೆಲ್ಲ ಹೇಳಬೇಕೆ?

ಪರ

ನೋಟಿಸು ಕೊಟ್ಟು ಸುಮ್ಮನಾಗುವುದನ್ನು ಬಿಟ್ಟರೆ ನಮ್ಮ ಮಂಡಳಿಗಳ ಕೈಯಲ್ಲಿ ಬಹುಕಾಲ ಇದ್ದದ್ದು ಎರಡೇ ದಾರಿ. 1974ರ ಜಲ ಕಾಯ್ದೆಯಾಗಲಿ 1981ರ ವಾಯು ಕಾಯ್ದೆಯಾಗಲಿ, ಕೋರ್ಟಿಗೆ ಎಳೆ, ಇಲ್ಲವೇ ಕರೆಂಟ್ ಕಿತ್ತು ಬೀಗ ಹಾಕಿಸು. ನೂರಾರು ಮಂದಿ ದುಡಿಯುವ ಫ್ಯಾಕ್ಟರಿಗೆ, ಹೊಗೆ ಮಿತಿ ತುಸು ಮೀರಿತೆಂದು ಬೀಗ ಹಾಕಿಸುವ ಅಧಿಕಾರಿ ಎಲ್ಲಿದ್ದಾನೆ? ಹಾಗಾಗಿ ಕಡತ ದಪ್ಪವಾಗುತ್ತದೆ, ಹೊಗೆಯೂ.

ಮಹಾರಾಷ್ಟ್ರದ ಮಂಡಳಿ 2017ರ ಜೂನ್‌ನಲ್ಲಿ ಆ ಕಡತವನ್ನೇ ಜನರ ಮುಂದೆ ಬಿಚ್ಚಿತು. ಚಿಮಣಿಯ ದೂಳು ಅಳೆದು ಒಂದರಿಂದ ಐದು ಸ್ಟಾರ್. ಯಾರು ಬೇಕಾದರೂ ನೋಡಬಹುದು. ಮರುವರ್ಷ ಒಡಿಶಾವೂ ಅದೇ ಹಾದಿ ಹಿಡಿಯಿತು.

ಇದರಿಂದೇನಾಗುತ್ತದೆ ಎನ್ನುವವರು ಇಂಡೊನೇಷ್ಯಾ ನೋಡಲಿ. 1995ರಲ್ಲಿ ಅಲ್ಲಿ 187 ಕಾರ್ಖಾನೆಗಳ ಕೊಳಚೆ ನೀರು ಪರೀಕ್ಷಿಸಿ ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣ ಹಚ್ಚಿದರು. ಚಿನ್ನ ಯಾರಿಗೂ ಸಿಗಲಿಲ್ಲ. ಹಸಿರು ಬಂದ ಐದರ ಹೆಸರನ್ನಷ್ಟೇ ಮೊದಲು ಹೇಳಿ ಬೆನ್ನು ತಟ್ಟಿದರು. ಮಿಕ್ಕವರಿಗೆ ವರ್ಷಾಂತ್ಯದ ಗಡುವು. ಕಪ್ಪು ಬಳಿಸಿಕೊಂಡಿದ್ದ ಆರರಲ್ಲಿ ಮೂರು ಅಷ್ಟರೊಳಗೆ ಅದರಿಂದ ಪಾರಾದವು. ದಂಡಕ್ಕೆ ಬಗ್ಗದವರು ಮಾನಕ್ಕೆ ಅಂಜಿದರು.

ವಿರೋಧ

ಸ್ಟಾರ್ ಎಲ್ಲಿ ಹುಟ್ಟುತ್ತದೆ ನೋಡೋಣ. ಚಿಮಣಿಯ ಮೇಲೆ ಕಂಬಿ ಹಾಕಿದ ಅಟ್ಟಣೆ, ಅಲ್ಲೊಂದು ಕೈ ತೂರುವಷ್ಟು ರಂಧ್ರ. ಕಬ್ಬಿಣದ ಏಣಿ ಹತ್ತಿದ ಹುಡುಗ ಅದರೊಳಗೆ ಕೊಳವೆ ತೂರಿಸಿ ಪಂಪ್ ಚಾಲೂ ಮಾಡುತ್ತಾನೆ. ಥಿಂಬಲ್ ಎನ್ನುವ ಬೆರಳಿನಾಕಾರದ ಸೋಸುಕದಲ್ಲಿ ದೂಳು ಕೂರುತ್ತದೆ. ಅದರ ಮೊದಲಿನ ತೂಕಕ್ಕೂ ಆಮೇಲಿನ ತೂಕಕ್ಕೂ ಕೆಲವೇ ಮಿಲಿಗ್ರಾಂ ವ್ಯತ್ಯಾಸ. ಸ್ಟಾರ್ ನಿಂತಿರುವುದು ಅದರ ಮೇಲೆ. ಅವತ್ತು ಬಾಯ್ಲರಿಗೆ ಒಳ್ಳೆ ಕಲ್ಲಿದ್ದಲು ಹಾಕಿದ್ದರೆ? ಅರ್ಧ ಲೋಡಿನಲ್ಲಿ ಓಡಿಸಿದ್ದರೆ? ಏಣಿ ಅಲುಗುತ್ತದೆಂದು ಹುಡುಗ ಹತ್ತದೇ ಇದ್ದರೆ?

ಕುಹಕ ಎನ್ನಬೇಡಿ. ಗುಜರಾತಿನಲ್ಲಿ ಮಾಲಿನ್ಯ ಅಳೆಯುವ ಆಡಿಟರನ್ನು ಕಾರ್ಖಾನೆಯೇ ಆರಿಸಿ ಫೀಸು ಕೊಡುತ್ತಿತ್ತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಮರುಪರೀಕ್ಷೆ ಮಾಡಿಸಿದರು. ಘನ ಮೀಟರಿಗೆ 150 ಮಿಲಿಗ್ರಾಂ ದೂಳು ಮಿತಿ. ಆಡಿಟರ ಅಂಕಿಗಳು ಅದರ ತುಸು ಕೆಳಗೇ ಗುಂಪುಕಟ್ಟಿ ಕೂತಿದ್ದವು, ನಿಜವಾದ ಅಳತೆ ಎಲ್ಲೆಲ್ಲೋ ಚೆದುರಿತ್ತು. ಆಡಿಟರು ಯಾರೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಸಾಮಾನ್ಯ ನಿಧಿಯಿಂದ ಫೀಸು ಕೊಟ್ಟು, ವರದಿಯನ್ನು ತಾಳೆ ನೋಡತೊಡಗಿದ ಮೇಲೆ ಸುಳ್ಳು 'ಪಾಸ್' ಶೇ 80ರಷ್ಟು ಇಳಿಯಿತು. ಮೊದಲು ಅದನ್ನು ಮಾಡಿ, ಸ್ಟಾರ್ ಆಮೇಲೆ ಅಂಟಿಸೋಣ.

ಇನ್ನು ಮಾನದ ಮಾತು. ಅದರ ಚಿಂತೆ ಬ್ರ್ಯಾಂಡ್ ಇರುವವರಿಗೆ. ಬಣ್ಣದ ಪುಡಿಯನ್ನು ಡ್ರಮ್ಮುಗಟ್ಟಲೆ ಇನ್ನೊಂದು ಕಾರ್ಖಾನೆಗೆ ಮಾರುವವನಿಗೆ ಒಂದೇ ಸ್ಟಾರ್ ಬಂದರೆ ಯಾವ ಗಿರಾಕಿ ಓಡಿಹೋಗುತ್ತಾನೆ? ಇಂಗ್ಲೆಂಡಿನ ಪರಿಸರ ಏಜೆನ್ಸಿ ದರ್ಜೆಯನ್ನು ಜೇಬಿಗೇ ಕಟ್ಟಿತು: 'ಎ' ದರ್ಜೆಗೆ ವಾರ್ಷಿಕ ಶುಲ್ಕದಲ್ಲಿ ಶೇ 5 ಕಡಿತ, 'ಎಫ್'ಗೆ ಮೂರು ಪಟ್ಟು. ಅದಾದರೆ ಒಂದು ಮಾತು.

ನಮ್ಮಲ್ಲಿ ಬಣ್ಣದ ಗೊಂದಲವೂ ಇದೆ. ಕೇಂದ್ರ ಮಂಡಳಿ ಹಚ್ಚಿರುವ ಕೆಂಪು, ಕಿತ್ತಳೆ, ಹಸಿರು, ಬಿಳಿ ಉದ್ಯಮದ ಜಾತಿಗೆ, ಅಂದರೆ ಆ ಬಗೆಯ ಉದ್ಯಮ ಎಷ್ಟು ಕೊಳೆ ಮಾಡಬಲ್ಲದು ಎಂಬುದಕ್ಕೆ; ನಡತೆಗಲ್ಲ. 'ಹಸಿರು ವರ್ಗ' ಎಂದು ಓದಿದವರು ಒಳಗೆಲ್ಲ ಸ್ವಚ್ಛ ಎಂದುಕೊಳ್ಳುತ್ತಾರೆ. ಅದರ ಪಕ್ಕ ಇನ್ನು ಐದು ಸ್ಟಾರ್. ಮಹಾರಾಷ್ಟ್ರದ ಆ ಸ್ಟಾರಾದರೂ ಚಿಮಣಿಯ ದೂಳಿಗೆ ಕೊಟ್ಟದ್ದು. ರಾತ್ರಿ ಹಿಂಬದಿಯ ಮೋರಿಗೆ ಬಿಟ್ಟ ನೀರು ಅದರಲ್ಲಿಲ್ಲ.