ಎರಡು ಇಂಚು ಮೋಟು

ನಮ್ಮ ಚಿಕ್ಕಪ್ಪನಿಗೆ ಮೀನಿನ ಹುಚ್ಚು. ತಿನ್ನುವ ಹುಚ್ಚಲ್ಲ, ಗಾಳ ಹಾಕಿಕೊಂಡು ನೀರಿನ ಪಕ್ಕ ಕೂರುವ ಹುಚ್ಚು. ಅಪರೂಪಕ್ಕೆ ಒಂದು ಮೀನು ಸಿಕ್ಕಿದರೂ ಕೊಕ್ಕೆ ಬಿಡಿಸಿ, ಬೆನ್ನು ಸವರಿ, ವಾಪಸ್ ನೀರಿಗೇ ಬಿಡುತ್ತಿದ್ದರು. "ಬಿಡೋದೇ ಆದ್ರೆ ಹಿಡಿಯೋದು ಯಾಕೆ? ಮನೇಲೇ ಕೂತಿದ್ರೆ ಮೀನಿಗೂ ತೊಂದ್ರೆ ಇರ್ತಿರ್ಲಿಲ್ಲ" ಅನ್ನುತ್ತಿದ್ದರು ಚಿಕ್ಕಮ್ಮ. ಚಿಕ್ಕಪ್ಪ ಉತ್ತರ ಕೊಡುತ್ತಿರಲಿಲ್ಲ. ಅವರದು ಮಾತೇ ಕಡಿಮೆ.

ಅವರು ಹೋಗಿ ಒಂದು ವರ್ಷವಾದ ಮೇಲೆ ಚಿಕ್ಕಮ್ಮ ತಗಡಿನ ಟ್ರಂಕೊಂದನ್ನು ಕಳಿಸಿಕೊಟ್ಟರು. ಹಿಂದೆಯೇ ಫೋನು ಬಂತು. "ನಿಮ್ಮ ಚಿಕ್ಕಪ್ಪನ ಆಸ್ತಿ. ಮಾರ್ತೀಯೋ ಇಟ್ಕೊತೀಯೋ ನೋಡಪ್ಪ. ನಂಗಂತೂ ಆ ವಾಸನೆ ಸಾಕಾಗಿದೆ."

ಟ್ರಂಕು ತೆರೆದೆ. ಬಟ್ಟೆಯ ಚೀಲದಲ್ಲಿ ಒಂದು ಬಿದಿರಿನ ಗಾಳದ ಕೋಲು. ಗಾಳದ ದಾರ ಸುತ್ತಿಡುವ, ಕಪ್ಪು ಹಿಡಿದ ಒಂದು ರೀಲು. ಕೆಂಪು ಬಣ್ಣದ ಇನ್ನೊಂದು ರೀಲು. ಗಾಜಿನ ಕಣ್ಣಿನ ನಾಲ್ಕು ಮರದ ಮೀನುಗಳು, ಅಂದರೆ ನಿಜವಾದ ಮೀನನ್ನು ಏಮಾರಿಸುವ ಹುಸಿ ಮೀನುಗಳು. ಮುದುರಿದ ಒಂದು ರಟ್ಟಿನ ಡಬ್ಬಿ. ಹಿಡಿ ಇಲ್ಲದ ಒಂದು ಚಮಚ, ಅದರ ತುದಿಗೆ ಕೊಕ್ಕೆ. ಹೆಂಡತಿ ಮೂಗು ಮುಚ್ಚಿಕೊಂಡೇ ಕೇಳಿದಳು, "ರೀ, ಇದು ಎಷ್ಟು ದಿನ ಇಲ್ಲಿರುತ್ತೆ?"

ಮಾರಿಬಿಡೋಣ ಅಂದೆ. ಅಷ್ಟರಲ್ಲಿ ಸುಮ್ಮನಿರದೆ ಒಂದಿಷ್ಟು ಓದಿದೆ ನೋಡಿ, ಅಲ್ಲಿಂದಲೇ ಕೆಟ್ಟಿದ್ದು. ಅಮೆರಿಕದ ಓಹಿಯೋದಲ್ಲಿ ರೈಲಿ ಹ್ಯಾಸ್ಕೆಲ್ ಅಂತ ಬಂದೂಕು ಮಾಡುವವನೊಬ್ಬ ಇದ್ದ. 1859ರಲ್ಲಿ ಹುಸಿ ಮೀನಿಗೆ ಪೇಟೆಂಟ್ ತಗೊಂಡ. ಅವನು ಮಾಡಿದ ತಾಮ್ರದ ದೊಡ್ಡ ಮೀನೊಂದು 2003ರ ಹರಾಜಿನಲ್ಲಿ 1,01,200 ಡಾಲರಿಗೆ ಹೋಗಿದೆ. ಒಂದೇ ಒಂದು ಮೀನು! ನಮ್ಮ ಟ್ರಂಕಿನಲ್ಲಿ ನಾಲ್ಕಿವೆ. ಗುಣಿಸಿದೆ. ಹೆಂಡತಿಯ ಕೈಲೂ ಗುಣಿಸಿ ನೋಡು ಅಂದೆ. ಅವಳಿಗೂ ಅಷ್ಟೇ ಬಂತು. ಆ ರಾತ್ರಿ ಟ್ರಂಕಿನ ವಾಸನೆ ಇಬ್ಬರಿಗೂ ಅಷ್ಟೊಂದು ಬರಲಿಲ್ಲ.

ಮಾರುವ ವಸ್ತು ನೋಡೋಕೆ ಲಕ್ಷಣವಾಗಿರಬೇಕು ಅಲ್ವಾ? ಮರುದಿನ ಬೆಳಿಗ್ಗೆ ಕಪ್ಪು ಹಿಡಿದ ರೀಲನ್ನು ಹಳೆ ಪೇಪರಿನ ಮೇಲಿಟ್ಟುಕೊಂಡು ಕೂತೆ. ಹಿತ್ತಾಳೆ ಬೆಳಗುವ ಪೇಸ್ಟು, ಹಳೆ ಬನಿಯನ್ನಿನ ತುಂಡು, ಸಂದಿಗೆ ಹಲ್ಲುಜ್ಜುವ ಬ್ರಷ್ಷು. ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಟ್ಟೆಗೆ ಬೂದು ಬಣ್ಣ ಹತ್ತತೊಡಗಿತು. ಎಷ್ಟು ವರ್ಷದ ಕೊಳೆಯೋ ಅಂದುಕೊಂಡು ಇನ್ನೂ ಹುರುಪಿನಿಂದ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ರೀಲು ಬೆಳಗಿದ ತಂಬಿಗೆ ಹಾಗೆ ಫಳಫಳ ಅನ್ನುತ್ತಿತ್ತು. ಅದರಲ್ಲಿ ನನ್ನ ಮುಖ ಕಂಡಿತು. ಮುಖದಲ್ಲಿ ಎಂಥ ಸಂತೃಪ್ತಿ!

ಅದೇ ಉತ್ಸಾಹದಲ್ಲಿ ಕೆಂಪು ರೀಲನ್ನೂ ಬಿಚ್ಚಿದೆ. ಸ್ಕ್ರೂ ಬಿಗಿಯಾಗಿತ್ತು. ಸರಿಯಾದ ಸ್ಕ್ರೂ ಡ್ರೈವರ್ ಸಿಗದೆ ಚಾಕುವಿನ ತುದಿಯಲ್ಲೇ ತಿರುಗಿಸಿದೆ. ಮುಚ್ಚಳ ಎದ್ದದ್ದೇ ತಡ, ಒಳಗಿಂದ ಸ್ಪ್ರಿಂಗೊಂದು ಮಿಡತೆ ಹಾಗೆ ಚಂಗನೆ ಹಾರಿ ಬೀರುವಿನ ಅಡಿ ಸೇರಿತು. ಬೀರು ಸರಿಸಿದೆವು. ಎರಡು ಪೆನ್ಸಿಲ್, ಒಂದು ಕಿವಿಯೋಲೆ, ಮಗನ ಹಳೆ ಪ್ರೋಗ್ರೆಸ್ ಕಾರ್ಡು ಸಿಕ್ಕವು. ಪ್ರೋಗ್ರೆಸ್ ಕಾರ್ಡು ಅಲ್ಲಿಗೆ ಹೋಗಿದ್ದು ಹೇಗೆ ಅನ್ನೋ ವಿಚಾರಣೆಯಲ್ಲಿ ಅರ್ಧ ದಿನ ಹೋಯಿತು. ಕೊನೆಗೆ ಸ್ಪ್ರಿಂಗ್ ಹೆಂಡತಿಯ ಸೀರೆಯ ಅಂಚಿನಲ್ಲಿ ಸಿಕ್ಕಿತು.

ಇನ್ನು ಫೋಟೋ. ಮಂಚದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಮರದ ಮೀನುಗಳನ್ನು ಸಾಲಾಗಿ ಮಲಗಿಸಿದೆ. ಒಂದೊಂದರ ಹೊಟ್ಟೆಯ ಕೆಳಗೂ ಮೂರು ಮುಳ್ಳಿನ ಕೊಕ್ಕೆಗಳು. ಈ ಮೂರು ಮುಳ್ಳಿನ ಕೊಕ್ಕೆ ಇದೆಯಲ್ಲ, ಒಂದು ಮುಳ್ಳು ಬಿಡಿಸುವಷ್ಟರಲ್ಲಿ ಇನ್ನೆರಡು ಬೇರೆಲ್ಲೋ ಕಚ್ಚಿಕೊಂಡಿರುತ್ತವೆ. ಮುಳ್ಳಿಗೆ ಹಿಂದಕ್ಕೊಂದು ಚೂಪು ಬೇರೆ, ಹೊಕ್ಕರೆ ಬರೋದಿಲ್ಲ. ಮೊದಲನೇ ಮೀನು ಬೆಡ್‌ಶೀಟ್ ಹಿಡಿಯಿತು. ಬಿಡಿಸಲು ಹೋದ ನನ್ನ ಅಂಗಿಯ ತೋಳನ್ನು ಎರಡನೆಯದು ಹಿಡಿಯಿತು. ಹೆಂಡತಿ ಬಂದಾಗ ನಾನು, ಎರಡು ಮೀನು, ಒಂದು ಬೆಡ್‌ಶೀಟ್ ಒಂದೇ ಕುಟುಂಬವಾಗಿದ್ದೆವು. ಅವಳು ಕತ್ತರಿ ತಂದಳು. ಅಂಗಿ ಕತ್ತರಿಸೋದಾ ಬೆಡ್‌ಶೀಟ್ ಕತ್ತರಿಸೋದಾ ಅಂತ ಯೋಚನೆಯನ್ನೂ ಮಾಡಲಿಲ್ಲ. ಬೆಡ್‌ಶೀಟ್ ಹೊಸದು.

ಫೋಟೋ ಹಾಕಿದ ಸಂಜೆಯಿಂದಲೇ ಮೆಸೇಜುಗಳು ಬಂದವು. "ಕೊನೆ ರೇಟು ಎಷ್ಟು?" ಅಂತ ಹನ್ನೊಂದು ಜನ ಕೇಳಿದರು. ಮೊದಲನೇ ರೇಟನ್ನೇ ನಾನಿನ್ನೂ ಹೇಳಿರಲಿಲ್ಲ. ಇದಕ್ಕೆ ಬದಲಾಗಿ ಮೀನಿನ ತೊಟ್ಟಿ ಕೊಡ್ತೀನಿ ಅಂದ ಒಬ್ಬ. ಇನ್ನೊಬ್ಬ ಮರದ ಮೀನು ಎಷ್ಟು ದಿನ ಬದುಕುತ್ತೆ ಅಂತ ಕೇಳಿದ.

ರೇಟು ಕಟ್ಟಲು ನಾನು ಹಿಡಿದ ದಾರಿಯೂ ತಪ್ಪಾಗಿತ್ತು. ಬೇರೆಯವರು ಎಷ್ಟಕ್ಕೆ ಹಾಕಿದ್ದಾರೆ ಅಂತ ನೋಡಿ ಅದನ್ನೇ ನಕಲು ಮಾಡಿದ್ದೆ. ಹಾಕಿದ ರೇಟು ಯಾರು ಬೇಕಾದರೂ ಹಾಕಬಹುದು. ಮಾರಿದ್ದು ಎಷ್ಟಕ್ಕೆ ಅನ್ನೋದೇ ಲೆಕ್ಕ. ಇದನ್ನು ಹೇಳಿಕೊಟ್ಟವರು ಪರಿಚಯದವರ ಪರಿಚಯದ ಒಬ್ಬ ಯಜಮಾನರು. ನಲವತ್ತು ವರ್ಷದಿಂದ ಹಳೆ ರೀಲು, ಗಾಳದ ಕೋಲು ಕೂಡಿಡುತ್ತಾ ಬಂದವರು. ಫೋನಿನಲ್ಲಿ ರೀಲಿನ ವರ್ಣನೆ ಮಾಡಿದೆ. ಅವರಿಗೆ ಉಸಿರು ಜೋರಾಯಿತು. "ಹಾರ್ಡಿ ಪರ್ಫೆಕ್ಟ್ ಇರಬೇಕು. ಇಂಗ್ಲೆಂಡಿನ ಆನಿಕ್ ಊರಿನವರದು. ಮೊದಲು ಬಂದಿದ್ದು 1891ರ ಸುಮಾರಿಗೆ, ಒಳಗೆ ಬಾಲ್ ಬೇರಿಂಗ್ ಇರುತ್ತೆ. ಮುಟ್ಟಬೇಡಿ, ನಾನೇ ಬರ್ತೀನಿ" ಅಂದರು. ಮುಟ್ಟಿ ಮೂರು ದಿನವಾಗಿತ್ತು.

ಭಾನುವಾರ ಬಂದರು. ಜೇಬಿನಲ್ಲಿ ಭೂತಗನ್ನಡಿ, ಕೈಯಲ್ಲಿ ಅಳತೆಯ ಟೇಪು. ನಾನು ರೀಲನ್ನು ವೆಲ್ವೆಟ್ ಬಟ್ಟೆಯ ಮೇಲೆ ಇಟ್ಟು ತಂದೆ. ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ತೊಳೆದ್ರಾ?"

"ಸ್ವಲ್ಪ..."

"ತಿಕ್ಕಿದ್ರಾ?"

ನಾನು ಮಾತಾಡಲಿಲ್ಲ. ಅವರೂ ಮಾತಾಡಲಿಲ್ಲ. ಗಡಿಯಾರ ಮಾತ್ರ ಮಾತಾಡಿತು.

ಆ ಬೂದು ಬಣ್ಣ ಕೊಳೆಯಲ್ಲವಂತೆ. ಮಾಡಿದವರೇ ಬೇಕು ಅಂತ ಕೊಟ್ಟ ಮಂದ ಲೇಪ. ಬಿಸಿಲಿಗೆ ಹೊಳೆದು ಮೀನು ಬೆದರದಿರಲಿ ಅಂತ. ನೂರು ವರ್ಷದ ಮಳೆ, ಬಿಸಿಲು, ಕೈ ಬೆವರು ತೆಗೆಯದಿದ್ದನ್ನು ನಾನು ಅರ್ಧ ದಿನದಲ್ಲಿ ಬನಿಯನ್ನಿನ ತುಂಡಿನಿಂದ ತೆಗೆದಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. "ಮತ್ತೆ ಬಣ್ಣ ಹಚ್ಚಿದ್ರೆ?" ಅಂತ ಕೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಈ ಲೋಕದಲ್ಲಿ ತಿಕ್ಕುವವನಿಗಾದರೂ ಕ್ಷಮೆ ಇದೆ, ಬಣ್ಣ ಹಚ್ಚುವವನಿಗೆ ಇಲ್ಲ ಅಂತ.

ಕೆಂಪು ರೀಲಿನಲ್ಲಿ ಮೊದಲು ನೋಡಿದ್ದು ಸ್ಕ್ರೂಗಳ ತಲೆ. "ಚಾಕುನಾ?" ಅಂದರು. ನನ್ನ ಮುಖ ನೋಡಬೇಕಾಗೇ ಇರಲಿಲ್ಲ ಅವರಿಗೆ. ಅದು ಸ್ವೀಡನ್ನಿನ ಆಬು ಕಂಪನಿಯ ಅಂಬಾಸಡೂರ್ 5000, ಮೊದಲು ಬಂದಿದ್ದು 1952ರಲ್ಲಿ. ಕೋಲಿಗೆ ಕೂರುವ ಪಾದದ ಅಡಿಯಲ್ಲಿ ನಂಬರು ಹುಡುಕಿ ಬರೆದುಕೊಂಡರು. ಆ ಕಂಪನಿ 1921ರಲ್ಲಿ ಶುರುವಾಗಿದ್ದು ಜೇಬಿನ ಗಡಿಯಾರ ಮಾಡೋಕಂತೆ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿ, ಅದಾದ ಮೇಲೆ ರೀಲಿಗೆ ಬಂದರು. ಅವರಿಗಿಂತ ನೂರಕ್ಕೂ ಜಾಸ್ತಿ ವರ್ಷ ಮೊದಲು ಅಮೆರಿಕದ ಕೆಂಟಕಿಯಲ್ಲಿ ಒಳ್ಳೆಯ ರೀಲು ಮಾಡಿ ಹೆಸರಾದ ಜಾರ್ಜ್ ಸ್ನೈಡರ್ ಕೂಡ ಗಡಿಯಾರದವನೇ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ನಾಲ್ಕು ಸುತ್ತು ತಿರುಗಬೇಕು ಅಂದರೆ ಸಣ್ಣ ಹಲ್ಲಿನ ಚಕ್ರ ಬೇಕಲ್ಲ, ಅದನ್ನು ಕಡೆಯಲು ಬರುತ್ತಿದ್ದುದು ಗಡಿಯಾರದವರಿಗೇ. ಗಾಳ ಹಾಕಿ ಕೂತವನಿಗೆ ಟೈಮಿನ ಪರಿವೆಯೇ ಇರೋದಿಲ್ಲ. ಅವನ ರೀಲು ಮಾಡಿದ್ದು ಮಾತ್ರ ಗಡಿಯಾರದವರು! ಚಿಕ್ಕಮ್ಮನಿಗೆ ಇದನ್ನು ಹೇಳಬೇಕು ಅಂದುಕೊಂಡೆ.

"ಹುಸಿ ಮೀನು ತನ್ನಿ" ಅಂದರು. ನನಗೆ ಜೀವ ಬಂತು. ಅವನ್ನು ತಿಕ್ಕಿರಲಿಲ್ಲ. ಬದಲಿಗೆ, ಮತ್ತೆ ಬೆಡ್‌ಶೀಟ್ ಹಿಡಿಯದಿರಲಿ ಅಂತ ಜೋಪಾನವಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಮಗ ಆಟಕ್ಕೆ ಅಂತ ತಂದಿದ್ದ ಮೆತ್ತನೆ ರಬ್ಬರಿನಂಥ ಎರೆಹುಳುಗಳೂ ಅದರಲ್ಲೇ ಇದ್ದವು. ಎಲ್ಲಾ ಗಾಳದ ಸಾಮಾನು ಒಂದೇ ಕಡೆ ಇರಲಿ ಅಂತ. ಮುಚ್ಚಳ ತೆಗೆದೆ. ಎರಡು ಮೀನುಗಳ ಬಣ್ಣ ಬೆಣ್ಣೆ ಹಾಗೆ ಕರಗಿ, ಹುಳುಗಳು ಅವುಗಳ ಪಕ್ಕೆಗೆ ಅಂಟಿಕೊಂಡು ಕೂತಿದ್ದವು. ಆ ಮೆತ್ತನೆ ಹುಳುವಿನಲ್ಲಿ ಎಣ್ಣೆಯಂಥ ರಾಸಾಯನಿಕ ಇರುತ್ತದಂತೆ, ಅದು ಹೊರಗೆ ಜಿನುಗಿ ಪಕ್ಕದ ಬಣ್ಣವನ್ನು ಕರಗಿಸುತ್ತದಂತೆ. ಮೀನು ಹುಳು ತಿನ್ನೋದು ನೋಡಿದ್ದೇವೆ. ಹುಳು ಮೀನನ್ನು ತಿಂದಿದ್ದು ನಮ್ಮ ಮನೆಯಲ್ಲೇ ಇರಬೇಕು.

ಉಳಿದ ಎರಡರಲ್ಲಿ ಒಂದರ ಬಾಯಿಯ ತಗಡಿನ ಮೇಲೆ ಸಣ್ಣ ಅಕ್ಷರ. ಭೂತಗನ್ನಡಿ ಹಿಡಿದು ಓದಿದರು. ಅಮೆರಿಕದ ಇಂಡಿಯಾನಾದ ಗ್ಯಾರೆಟ್ ಊರಿನ ಕ್ರೀಕ್ ಚಬ್ ಕಂಪನಿಯದು. ಕಣ್ಣು ಬಣ್ಣದ ಚುಕ್ಕೆಯಲ್ಲ, ಗಾಜೇ. ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿದ್ದರೂ ಮೊದಲಿನದೇ. ಯಜಮಾನರು ಮೊದಲ ಸಲ ನಕ್ಕರು. "ಇದರ ಡಬ್ಬಿ ಇದೆಯಾ?"

"ಯಾವ ಡಬ್ಬಿ?"

"ರಟ್ಟಿನ ಡಬ್ಬಿ. ಮೀನು ಎಲ್ಲರೂ ಇಟ್ಕೊಂಡಿರ್ತಾರೆ. ಡಬ್ಬಿ ಯಾರೂ ಇಟ್ಕೊಂಡಿರಲ್ಲ. ಅದಕ್ಕೇ ಎಷ್ಟೋ ಸಲ ಮೀನಿಗಿಂತ ಡಬ್ಬಿಗೇ ರೇಟು ಜಾಸ್ತಿ."

ನನ್ನ ಎದೆ ಧಸಕ್ಕೆಂದಿತು. ಆ ಮುದುರಿದ ಡಬ್ಬಿಯನ್ನು ಮೊದಲ ದಿನವೇ ಕಸಕ್ಕೆ ಹಾಕಿದ್ದೆ. ಆಗ ಹೆಂಡತಿ ಎದ್ದು ಒಳಗೆ ಹೋಗಿ ಅದನ್ನು ತಂದಳು. "ಗಟ್ಟಿಯಾಗಿತ್ತು ಅಂತ ಎತ್ತಿಟ್ಟಿದ್ದೆ" ಅಂದಳು. ಒಳಗೆ ಅಂಗಿ ಗುಂಡಿಗಳು. ನನ್ನ ಕತ್ತರಿಸಿದ ಅಂಗಿಯವೂ ಇದ್ದವು. ಮುಚ್ಚಳದ ಮೇಲೆ ನೀಲಿ ಪೆನ್ನಿನಲ್ಲಿ ದುಂಡಗೆ 'ಗುಂಡಿಗಳು' ಅಂತ ಬರೆದಿದ್ದಳು, ಕೆಳಗೊಂದು ಗೆರೆ ಬೇರೆ ಎಳೆದಿದ್ದಳು. ಯಜಮಾನರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಆದರೂ ಕೊನೆಗೆ ಅವರು ಹೇಳಿದ ಲೆಕ್ಕದಲ್ಲಿ ನಾನು ಅರ್ಧ ದಿನ ಬೆಳಗಿದ ರೀಲಿಗಿಂತ ಗುಂಡಿ ಡಬ್ಬಿಗೇ ಜಾಸ್ತಿ ಬಂತು. ಅವತ್ತಿನಿಂದ ಮನೆಯಲ್ಲಿ ಏನನ್ನಾದರೂ ಎಸೆಯಬೇಕಾದರೆ ಅವಳ ಅಪ್ಪಣೆ ಬೇಕು.

ಹೋದ ಮಾನ ವಾಪಸ್ ತರಲು ನಾನು ಚಮಚ ತೆಗೆದೆ. ಇದರ ಬಗ್ಗೆ ಓದಿಕೊಂಡಿದ್ದೆ. ಅಮೆರಿಕದ ಜೂಲಿಯೋ ಬ್ಯೂಯಲ್ ಅನ್ನುವವನ ಕೈಯಿಂದ ದೋಣಿಯಲ್ಲಿ ಊಟ ಮಾಡುವಾಗ ಚಮಚ ಜಾರಿ ನೀರಿಗೆ ಬಿತ್ತಂತೆ. ಅದು ಮಿನುಗುತ್ತಾ ಮುಳುಗುವಾಗ ದೊಡ್ಡ ಮೀನೊಂದು ಬಂದು ಬಾಯಿ ಹಾಕಿತಂತೆ. ಅವನು ಹಿಡಿ ಕತ್ತರಿಸಿ ಕೊಕ್ಕೆ ಹಾಕಿದ, 1852ರಲ್ಲಿ ಪೇಟೆಂಟ್ ಪಡೆದ. ಜಾರಿದ ಕಥೆ ನಿಜವೋ ಸುಳ್ಳೋ, ಮೀನು ಹಿಡಿಯುವವರು ಹೇಳಿದ್ದು. ಪೇಟೆಂಟ್ ಮಾತ್ರ ನಿಜ. "ಆ ಕಾಲದ್ದೇ ಇರಬಹುದು" ಅಂದೆ, ಗಂಭೀರವಾಗಿ. ಯಜಮಾನರೂ ತಿರುಗಿಸಿ ನೋಡಿ, ಕೈಯಲ್ಲಿ ಮಾಡಿದ ಕೆಲಸ ಅಂತ ಒಪ್ಪಿದರು. ಖಚಿತ ಮಾಡಿಕೊಳ್ಳೋಣ ಅಂತ ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ಅರ್ಧ ನಿಮಿಷದಲ್ಲಿ ಫೋನು ಬಂತು.

"ಅದು ನನ್ನ ಚಮಚ ಕಣೋ! ಮದುವೇಲಿ ಬಂದ ಆರರ ಸೆಟ್ಟು. ಕೆಲಸದವಳನ್ನ ಎಷ್ಟು ಬೈದಿದ್ದೆ ನಾನು! ಹಿಂಭಾಗ ನೋಡು, ಹೂವಿನ ಗುರುತಿದೆಯಾ?"

ಇತ್ತು.

"ಅದನ್ನ ಮಾರಿದ್ರೆ ನೋಡು ನಿಂಗೆ" ಅಂದು ಇಟ್ಟರು. ಚಮಚವನ್ನು ತೆಗೆದು ಬೇರೆಯಾಗಿ ಇಟ್ಟೆ.

ಕೊನೆಗೆ ಉಳಿದಿದ್ದು ಬಿದಿರಿನ ಕೋಲು. ಇದಕ್ಕೆ ನನ್ನ ಕೈ ತಾಗಿರಲಿಲ್ಲ. ಹಾಗಂತ ನಾನು ಅಂದುಕೊಂಡಿದ್ದೆ. ಯಜಮಾನರು ಚೀಲದ ದಾರ ಬಿಚ್ಚಿ, ಎರಡು ತುಂಡುಗಳನ್ನು ಮಗುವನ್ನು ಎತ್ತುವ ಹಾಗೆ ಎತ್ತಿದರು. ಬಿದಿರನ್ನು ಮೂರು ಮೂಲೆಯ ಆರು ಸೀಳುಗಳಾಗಿ ಸೀಳಿ, ಆರನ್ನೂ ಅಂಟಿಸಿ ಮಾಡಿದ ಕೋಲು. ಬೆರಳಲ್ಲಿ ಸವರಿದರೆ ಆರು ಮೂಲೆಯೂ ಸಿಗುತ್ತವೆ. ಚೀನಾದ ಟಾಂಕಿನ್ ಬಿದಿರಂತೆ. 1950ರಲ್ಲಿ ಅಮೆರಿಕ ಚೀನಾದ ಸರಕನ್ನು ನಿಲ್ಲಿಸಿದಾಗ ಅಲ್ಲಿನವರಿಗೆ ಈ ಬಿದಿರು ಸಿಗದೆ ಹೋಗಿ, ಫೈಬರ್ ಗ್ಲಾಸಿನ ಕೋಲುಗಳಿಗೆ ಅದೃಷ್ಟ ಕುದುರಿತಂತೆ. ಹೇಳುತ್ತಲೇ ಒಂದು ಕಣ್ಣು ಮುಚ್ಚಿ ಕೋಲು ಡೊಂಕಾಗಿದೆಯಾ ನೋಡಿದರು. ಇರಲಿಲ್ಲ. ಆಮೇಲೆ ಟೇಪು ತೆಗೆದರು.

"ಎರಡೂ ತುಂಡು ಒಂದೇ ಉದ್ದ ಇರಬೇಕು. ಇದರ ತುದಿ ಎರಡು ಇಂಚು ಮೋಟು. ಮುರಿದಿದೆ. ಯಾರೋ ಮತ್ತೆ ದಾರ ಸುತ್ತಿ ವಾರ್ನಿಷ್ ಹಚ್ಚಿದ್ದಾರೆ. ಕೆಲಸ ಚೆನ್ನಾಗಿದೆ, ಆದ್ರೆ ರೇಟು ಅರ್ಧಕ್ಕಿಂತ ಕೆಳಗೆ ಹೋಯ್ತು. ಹೇಗೆ ಮುರೀತು ಗೊತ್ತಾ?"

ಗೊತ್ತಿಲ್ಲ ಅಂದೆ. ಗೊತ್ತಿತ್ತು. ನನಗಾಗ ಒಂಬತ್ತು ವರ್ಷ. ಬೇಸಿಗೆ ರಜೆಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರು ಮಧ್ಯಾಹ್ನ ಮಲಗಿದ್ದಾಗ ಕೋಲು ಎತ್ತಿಕೊಂಡು ಕತ್ತಿವರಸೆ ಆಡುತ್ತಾ ಹೊರಗೆ ಓಡಿದೆ, ಹಿಂದಿಂದ ಗಾಳಿಗೆ ಬಾಗಿಲು ಹಾಕಿಕೊಂಡಿತು. ಟಕ್ ಅಂತ ಒಂದು ಸದ್ದು. ತುದಿಯನ್ನು ಬಾವಿಗೆ ಎಸೆದು, ಕೋಲನ್ನು ಚೀಲಕ್ಕೆ ತುರುಕಿ, ಬಂದು ಮಲಗಿದೆ. ಸಂಜೆ ಚಿಕ್ಕಪ್ಪ ಚೀಲ ಬಿಚ್ಚಿದರು, ನೋಡಿದರು, ಮತ್ತೆ ಕಟ್ಟಿದರು. ಯಾರನ್ನೂ ಏನೂ ಕೇಳಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ ಅಂತ ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ.

ಯಜಮಾನರು ಚೀಲವನ್ನು ಒಳಹೊರಗು ಮಾಡಿದರು. ತಯಾರಕರ ಹೆಸರಿನ ಪಟ್ಟಿ ಇರುತ್ತದಂತೆ. ಪಟ್ಟಿ ಇರಲಿಲ್ಲ, ಹೊಲಿಗೆಯ ಸಂದಿಯಿಂದ ನಾಲ್ಕು ಮಡಿಕೆಯ ಒಂದು ಚೀಟಿ ಬಿತ್ತು. ಚಿಕ್ಕಪ್ಪನ ಅಕ್ಷರ. ಕೋಲಿಗೆ ಯಾವಾಗ ದಾರ ಸುತ್ತಿದ್ದು, ಯಾವಾಗ ವಾರ್ನಿಷ್ ಹಚ್ಚಿದ್ದು ಎಲ್ಲಾ ಸಾಲಾಗಿ ಬರೆದಿದ್ದರು. ನಡುವೆ ಒಂದು ಸಾಲು. "ತುದಿ 2 ಇಂಚು ಮೋಟು. ಬಾಗಿಲ ಸಂದಿ. ಕೇಳಬಾರದು."

ಯಜಮಾನರು ಅದನ್ನು ಎರಡು ಸಲ ಓದಿದರು. "ಏನ್ರೀ ಇದು? ಏನು ಕೇಳಬಾರದಂತೆ?"

"ರೇಟು ಇರಬೇಕು" ಅಂದು, ಕೋಲನ್ನು ಚೀಲಕ್ಕೆ ಸೇರಿಸಿ ದಾರ ಕಟ್ಟಿದೆ.