ಮುಳುಗಿದ ಹಡಗಿನ ಒಳಗೆ ಹೋಗಬೇಕಾ, ಹೊರಗಿಂದಲೇ ನೋಡಬೇಕಾ?

ಪರ

ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ ವಿಟ್‌ಸ್ಯಾಂಡ್ ಕೊಲ್ಲಿ ಇದೆ. 'ಸಿಲ್ಲಾ' ಎಂಬ ನಿವೃತ್ತ ಯುದ್ಧನೌಕೆಯನ್ನು 2004ರ ಮಾರ್ಚ್ 27ರಂದು ಅಲ್ಲಿ ಬೇಕೆಂದೇ ಮುಳುಗಿಸಿದರು. ಸಮುದ್ರದ ಜೀವಿಗಳಿಗೆ ಮನೆಯಾಗಲಿ, ಡೈವರ್‌ಗಳಿಗೂ ಒಂದು ಜಾಗ ಸಿಗಲಿ ಅಂತ. ಅದಕ್ಕಾಗಿ ಮೊದಲೇ ಹಡಗನ್ನು ಶುಚಿ ಮಾಡಿ, ಒಳಗೆ ಹೋಗಿಬರಲು ಕಂಡಿಗಳನ್ನು ಕೊರೆದಿದ್ದರು. ಈಗ ಒಳಗೆ ಹೋಗಬೇಡಿ ಅಂತ ಡೈವರ್‌ಗಳನ್ನು ಎಚ್ಚರಿಸುತ್ತಿದ್ದಾರೆ. ಬಾಗಿಲು ಇಟ್ಟವರೇ ಒಳಗೆ ಬರಬೇಡಿ ಅಂದರೆ ಹೇಗೆ?

ಆಳವೂ ಜಾಸ್ತಿಯಿಲ್ಲ, ತಳಕ್ಕೆ ಸುಮಾರು 25 ಮೀಟರ್. ಹಡಗಿನ ಒಳಗೆ ಈಜುವುದಕ್ಕೆ ಬೇರೆ ತರಬೇತಿಯೇ ಇದೆ. ವಾಪಸ್ ಬರುವ ದಾರಿ ತಪ್ಪದಿರಲಿ ಅಂತ ಹೊರಗೆ ದಾರ ಕಟ್ಟಿ, ರೀಲ್ ಬಿಚ್ಚುತ್ತಾ ಹೋಗಬೇಕು. ಒಂದು ಟಾರ್ಚ್ ಕೆಟ್ಟರೆ ಇನ್ನೊಂದು ಇರಬೇಕು. ಸಿಲಿಂಡರಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಆಪತ್ತಿಗೆ. ಇದನ್ನೆಲ್ಲ ಕಲಿತವರನ್ನೂ ಸುಮ್ನೆ ಕುತೂಹಲಕ್ಕೆ ನುಗ್ಗುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ವಿರೋಧ

ಕಂಡಿ ಕೊರೆದದ್ದು ತೇಲುತ್ತಿದ್ದ, ಶುಚಿಯಾದ ಹಡಗಿಗೆ. ಅಲ್ಲಿಂದೀಚೆಗೆ ಒಳಗೆಲ್ಲ ಹೂಳು ತುಂಬಿದೆ, ಉಕ್ಕು ತುಕ್ಕು ಹಿಡಿದಿದೆ. 2007ರಲ್ಲೇ ಒಳಗೆ ಹೋದ ಇಬ್ಬರು ಡೈವರ್‌ಗಳು ಸತ್ತರು. ಹೂಳಿಗೆ ಕಾಲಿನ ಫಿನ್ (ಈಜಲು ತೊಡುವ ರೆಕ್ಕೆ) ಸ್ವಲ್ಪ ತಾಗಿದರೂ ಸಾಕು, ಕೋಣೆ ಪೂರ್ತಿ ಕದಡಿ ಟಾರ್ಚ್ ಇದ್ದೂ ಇಲ್ಲದಂತೆ ಆಗುತ್ತದೆ.

ಆಳ ಕಡಿಮೆ ಅನ್ನುವ ಮಾತೂ ಹೊರಗಿರುವವರಿಗೆ ಮಾತ್ರ. ಅವರು ಎಡವಟ್ಟಾದರೆ ನೇರ ಮೇಲೇರಬಹುದು. ಒಳಗಿದ್ದವರ ತಲೆ ಮೇಲೆ ಉಕ್ಕಿನ ಚಾವಣಿ ಇರುತ್ತದಲ್ವಾ? 25 ಮೀಟರಾದರೇನು, 10 ಮೀಟರಾದರೇನು, ಮೊದಲು ಕಂಡಿ ಸಿಗಬೇಕು.

ಇನ್ನು ಚಳಿ. ಅಲ್ಲಿನ ನೀರು ಬೇಸಿಗೆಯಲ್ಲೂ 16-17 ಡಿಗ್ರಿ, ಚಳಿಗಾಲದಲ್ಲಿ 10ರ ಆಸುಪಾಸು. ದಪ್ಪ ಗ್ಲೌಸ್, ಅದರೊಳಗೆ ಮರಗಟ್ಟಿದ ಬೆರಳು. ಸಿಕ್ಕಾದ ದಾರವನ್ನು ಕತ್ತಲಲ್ಲಿ ಬಿಡಿಸಬೇಕು. ಮೈ ನಡುಗಿದಷ್ಟೂ ಉಸಿರು ಜಾಸ್ತಿ, ಗಾಬರಿ ಸೇರಿದರೆ ಇನ್ನೂ ಜಾಸ್ತಿ. ಮೂರು ಪಾಲಿನ ಲೆಕ್ಕ ಬೆಚ್ಚಗಿರುವ, ಸಮಾಧಾನದಲ್ಲಿರುವ ಮನುಷ್ಯನದು. ತರಬೇತಿ ಬೇಡ ಅನ್ನುತ್ತಿಲ್ಲ. ಆದರೆ ಗೋಡೆ ಯಾವಾಗ ಕಳಚುತ್ತದೆ ಅನ್ನುವುದನ್ನು ಯಾವ ತರಬೇತಿಯೂ ಹೇಳಿಕೊಡುವುದಿಲ್ಲ.

ಪಕ್ಕದಲ್ಲೇ 'ಜೇಮ್ಸ್ ಈಗನ್ ಲೇನ್' ಬಿದ್ದಿದೆ. 1945ರ ಮಾರ್ಚ್‌ನಲ್ಲಿ ಜರ್ಮನ್ ಸಬ್‌ಮರೀನಿನ ಟಾರ್ಪಿಡೊ ತಿಂದ ಅಮೆರಿಕದ ಸರಕು ಹಡಗು. ಡೈವರ್‌ಗಳು ಎಷ್ಟೋ ವರ್ಷ ಅದರ ಒಳಗೆಲ್ಲ ಈಜಾಡಿದರು. ಈಗ ಅದರ ಬಹುಭಾಗ ಕುಸಿದಿದೆ. ಸಿಲ್ಲಾ ಕೂಡ ಅದೇ ನೀರಿನಲ್ಲಿದೆ, ಅದೇ ಅಲೆಗಳ ಹೊಡೆತ ತಿನ್ನುತ್ತಿದೆ. ಹಡಗನ್ನು ನೋಡುವ ಆಸೆಯಿದ್ದರೆ ಡೆಕ್ಕಿನ ಮೇಲೆ, ಪಕ್ಕಗಳಲ್ಲಿ ಈಜಿ. ಒಂದು ಸಿಲಿಂಡರಿನ ಗಾಳಿ ಅದಕ್ಕೇ ಸಾಲುವುದಿಲ್ಲ.